ಬಿಡುಗಡೆ ಗುಲಾಮರಿಗೆ, ಪರಿಹಾರ ಯಜಮಾನರಿಗೆ!

ಶಿವನಾರಾಯಣ್ ಚಂದ್ರಪಾಲ್ ವೆಸ್ಟ್ ಇಂಡೀಸ್‌ಗೆ ಆಡುತ್ತಿದ್ದಾಗ "ಈ ಹೆಸರಿನವನು ಅಲ್ಲಿಗೆ ಹೇಗೆ ಹೋದ?" ಅಂತ ನಾವೆಲ್ಲ ಕೇಳಿಕೊಂಡವರೇ. ಕಬ್ಬು ಕಡಿಯೋಕೆ ಬ್ರಿಟಿಷರು ಅವನ ಪೂರ್ವಿಕರನ್ನು ಕರೆದೊಯ್ದರು ಅನ್ನೋ ಉತ್ತರ ಸುಲಭವಾಗಿ ಸಿಗುತ್ತದೆ. ಸರಿ, ಆದರೆ ಅಲ್ಲಿ ಅದಾಗಲೇ ಕಬ್ಬು ಕಡಿಯುತ್ತಿದ್ದವರು ಏನಾದರು?

ಚಂದ್ರಪಾಲ್ ಗಯಾನಾದವನು, ಅಂದರೆ ಆಗಿನ ಬ್ರಿಟಿಷ್ ಗಯಾನಾ. 1823ರಲ್ಲಿ ಅಲ್ಲಿನ ಡೆಮೆರಾರಾದಲ್ಲಿ ಸಾವಿರಾರು ಗುಲಾಮರು ದಂಗೆ ಎದ್ದರು. ದಂಗೆ ಶುರುವಾದ ಎಸ್ಟೇಟಿನ ಹೆಸರು 'ಸಕ್ಸೆಸ್'! ಮಾಲೀಕ ಜಾನ್ ಗ್ಲಾಡ್‌ಸ್ಟನ್, ಮುಂದೆ ಬ್ರಿಟನ್ ಪ್ರಧಾನಿಯಾದ ವಿಲಿಯಂ ಗ್ಲಾಡ್‌ಸ್ಟನ್‌ನ ಅಪ್ಪ. ಈ ಮಹಾಶಯ ಗಯಾನಾದ ತನ್ನ ಎಸ್ಟೇಟುಗಳನ್ನು ಒಮ್ಮೆಯೂ ಹೋಗಿ ನೋಡಿದವನಲ್ಲ.

ಬ್ರಿಟಿಷ್ ಸಂಸತ್ತು 1833ರಲ್ಲಿ ಗುಲಾಮಗಿರಿ ರದ್ದು ಮಾಡುವ ಕಾಯ್ದೆ ತಂದಿತು. ಜಾರಿಯಾದದ್ದು 1834ರ ಆಗಸ್ಟ್ 1ರಂದು. ಜೊತೆಗೆ 2 ಕೋಟಿ ಪೌಂಡ್ ಪರಿಹಾರವೂ ಮಂಜೂರಾಯಿತು... ಗುಲಾಮರಿಗಲ್ಲ ಸ್ವಾಮಿ, 'ಆಸ್ತಿ' ಕಳೆದುಕೊಂಡ ಯಜಮಾನರಿಗೆ! ಆಗಿನ ಸರ್ಕಾರದ ವರ್ಷದ ಖರ್ಚಿನಲ್ಲಿ ಅದು ಸುಮಾರು ಶೇ. 40ರಷ್ಟು. ಇದಕ್ಕೆ 1835ರಲ್ಲಿ ಎತ್ತಿದ ಸಾಲ ಪೂರ್ತಿ ತೀರಿದ್ದು 2015ರಲ್ಲಿ. ನಮ್ಮ ಹೋಮ್ ಲೋನ್ 20 ವರ್ಷ ಅಂತ ಗೋಳಾಡುತ್ತೇವೆ, ಇದು 180 ವರ್ಷ. ಗ್ಲಾಡ್‌ಸ್ಟನ್‌ಗೆ ಸುಮಾರು 2,500 ಗುಲಾಮರ ಲೆಕ್ಕದಲ್ಲಿ ಒಂದು ಲಕ್ಷ ಪೌಂಡ್‌ಗೂ ಹೆಚ್ಚು ಸಿಕ್ಕಿತು.

ಗುಲಾಮರಿಗೆ ಸಿಕ್ಕಿದ್ದು 'ಅಪ್ರೆಂಟಿಸ್' ಅನ್ನೋ ಹೊಸ ಹೆಸರು. ಹಳೇ ಯಜಮಾನನಿಗೇ ವಾರಕ್ಕೆ 45 ಗಂಟೆಯವರೆಗೆ ಬಿಟ್ಟಿ ದುಡಿಮೆ. ಹುಟ್ಟಿದಾಗಿನಿಂದ ಕಬ್ಬು ಕಡಿದವನು ಇನ್ನೇನು ಕಲಿಯಬೇಕಿತ್ತೋ ದೇವರೇ ಬಲ್ಲ. ವಿರೋಧ ಜೋರಾಗಿ, 1840ರವರೆಗೆ ನಡೆಯಬೇಕಿದ್ದ ಈ ಪದ್ಧತಿ 1838ರ ಆಗಸ್ಟ್ 1ಕ್ಕೆ ಮುಗಿಯಿತು.

ಗ್ಲಾಡ್‌ಸ್ಟನ್ ಅಲ್ಲಿಯವರೆಗೆ ಕಾಯುತ್ತಾ ಕೂರಲಿಲ್ಲ. 1836ರಲ್ಲೇ ಕಲ್ಕತ್ತಾದ ಕಂಪನಿಯೊಂದಕ್ಕೆ ಕೂಲಿಗಳು ಬೇಕು ಅಂತ ಪತ್ರ ಬರೆದ. 'ವಿಟ್ಬಿ', 'ಹೆಸ್ಪರಸ್' ಎಂಬ ಹಡಗುಗಳು ಸುಮಾರು 400 ಭಾರತೀಯರನ್ನು ಗಯಾನಾಕ್ಕೆ ತಲುಪಿಸಿದ್ದು 1838ರ ಮೇ ತಿಂಗಳಲ್ಲಿ. ಅಂದರೆ ಪೂರ್ತಿ ಬಿಡುಗಡೆಗೆ ಮೂರು ತಿಂಗಳು ಮೊದಲೇ! ಬಂದವರಿಗೆ ಐದು ವರ್ಷದ ಅಗ್ರಿಮೆಂಟ್. ಫಿಜಿಯಂಥ ಕಡೆ ಈ ಅಗ್ರಿಮೆಂಟೇ ಬಾಯಲ್ಲಿ ಸವೆದು 'ಗಿರ್ಮಿಟ್' ಆಯಿತು. (ಹುಬ್ಬಳ್ಳಿ ಕಡೆಯವರು ಬಾಯಲ್ಲಿ ನೀರೂರಿಸಬೇಡಿ, ಇದು ಆ ಗಿರ್ಮಿಟ್ ಅಲ್ಲ.)

ಇಷ್ಟು ಅವಸರ ಯಾಕೆ ಅಂದರೆ, ಬಿಡುಗಡೆಯಾದವನು "ಈ ಕೂಲಿಗೆ ನಾನು ಬರಲ್ಲ" ಅನ್ನಬಹುದಿತ್ತು. ನನ್ನ ಪ್ರಕಾರ ಸ್ವಾತಂತ್ರ್ಯ ಅಂದರೆ ಅಲ್ಲಿ ಅದೇ ಆಗಿತ್ತು, ಯಜಮಾನರಿಗೆ ಸಹಿಸೋಕಾಗದ್ದೂ ಅದೇ. 1839ರಲ್ಲಿ 83 ಮಾಜಿ ಗುಲಾಮರು ದುಡ್ಡು ಕೂಡಿಸಿ ನಾರ್ತ್‌ಬ್ರೂಕ್ ಅನ್ನೋ ಇಡೀ ಎಸ್ಟೇಟನ್ನೇ ಕೊಂಡುಬಿಟ್ಟರು. ಬೆಲೆ 10,000 ಡಾಲರ್‌ಗೂ ಮೇಲೆ. ಬಿಟ್ಟಿ ದುಡಿಮೆ ಮುಗಿದು ಆಗಿನ್ನೂ ಒಂದು ವರ್ಷ ಚಿಲ್ಲರೆ! ಅದೇ ವಿಕ್ಟೋರಿಯಾ ಗ್ರಾಮ. ಸ್ವಂತ ನೆಲ ಇದ್ದವನು ಹಸಿವಿಗೆ ಹೆದರಿ ಎಸ್ಟೇಟ್ ಬಾಗಿಲಿಗೆ ಓಡಿ ಬರುವುದಿಲ್ಲ ನೋಡಿ.

1842ರಲ್ಲಿ ಎಸ್ಟೇಟಿನವರು ಕೂಲಿ ಇಳಿಸಲು ಹೋದಾಗ ಮಾಜಿ ಗುಲಾಮರು ಮುಷ್ಕರ ಹೂಡಿ ಗೆದ್ದರು. 1848ರಲ್ಲಿ ಮತ್ತೆ ಹೂಡಿದರು, ಸೋತರು. ನಡುವೆ ನಿಂತಿದ್ದ ಭಾರತೀಯರ ವಲಸೆ 1845ರಲ್ಲಿ ಮತ್ತೆ ಶುರುವಾಗಿತ್ತು. ಅಗ್ರಿಮೆಂಟಿಗೆ ಕಟ್ಟುಬಿದ್ದವರು ಕೆಲಸ ಬಿಟ್ಟರೆ ಜೈಲು, ಹಾಗಾಗಿ ಅವರು ಕಬ್ಬು ಕಡಿಯುತ್ತಲೇ ಇದ್ದರು. ಅವರನ್ನು ಕರೆತರುವ ಖರ್ಚಿನ ಒಂದು ಪಾಲು ಹೋಗುತ್ತಿದ್ದದ್ದು ವಸಾಹತಿನ ಬೊಕ್ಕಸದಿಂದ. ಆ ಬೊಕ್ಕಸಕ್ಕೆ ತಿನ್ನುವ, ಉಡುವ ಸಾಮಾನಿನ ಮೇಲೆ ತೆರಿಗೆ ಕಟ್ಟುತ್ತಿದ್ದವರಲ್ಲಿ ಮಾಜಿ ಗುಲಾಮರೂ ಇದ್ದರು.

1917ರಲ್ಲಿ ಈ ವ್ಯವಸ್ಥೆ ನಿಲ್ಲುವ ಹೊತ್ತಿಗೆ ಸುಮಾರು 2.39 ಲಕ್ಷ ಭಾರತೀಯರು ಗಯಾನಾಕ್ಕೆ ಹೋಗಿದ್ದರು. ಮೊದಮೊದಲು ಹೋದವರಿಗೆ ಉಳಿಯಲು ಕೊಟ್ಟದ್ದು ಗುಲಾಮರು ಬಿಟ್ಟುಹೋದ ಅದೇ ಹಳೇ ಲೈನ್ ಮನೆಗಳನ್ನು.