ಸುಂಕದ ಕಟ್ಟೆಯಲ್ಲಿ ಮನೆಸಾಮಾನು

ಕೆನಡಾಕ್ಕೆ ಕೆಲಸದ ಮೇಲೆ ಹೊರಟ ಮಗಳು ಹೋದ ವರ್ಷ ಒಂದು ಸಂಜೆ ಕಂಪ್ಯೂಟರ್ ಮುಂದೆ ಕುಳಿತು, "ಅಮ್ಮ, ನೀನು ಸಾಮಾನು ಹೇಳ್ತಾ ಹೋಗು, ನಾನು ಟೈಪ್ ಮಾಡ್ತೇನೆ" ಎಂದಳು. ಆ ದೇಶದಲ್ಲಿ ನೆಲೆಸಲು ಹೋಗುವವರು ಜೊತೆಯಲ್ಲಿ ಒಯ್ಯುವ ಸಾಮಾನು ಎಷ್ಟು, ಹಿಂದಿನಿಂದ ಹಡಗಿನಲ್ಲಿ ಬರುವುದು ಎಷ್ಟು ಎಂದು ಬೆಲೆಸಹಿತ ಪಟ್ಟಿ ಮಾಡಿ, ಇಳಿದ ಕೂಡಲೇ ಕಸ್ಟಮ್ಸ್‌ನವರಿಗೆ ಕೊಡಬೇಕಂತೆ. ಆಗ ಸುಂಕವಿಲ್ಲ. ಆದರೆ ಸಾಮಾನು ನಿಮ್ಮದೇ ಆಗಿರಬೇಕು, ನಿಮ್ಮ ಕೈಯಲ್ಲೇ ಇದ್ದಿರಬೇಕು, ಹೋಗುವ ಮೊದಲೇ ನೀವು ಅದನ್ನು ಬಳಸಿರಬೇಕು.

ಬಳಸಿರಬೇಕು ಎಂಬ ಮಾತು ಕೇಳಿದ್ದೇ ತಡ, ನನಗೆ ಅಕ್ಕನ ನೆನಪಾಯಿತು.

ಭಾವ ಮಸ್ಕತ್‌ನಲ್ಲಿದ್ದರು. ಅಕ್ಕ 1985ರಲ್ಲಿ ಹೋದವಳು, 1994ರಲ್ಲಿ ಸಂಸಾರಸಮೇತ ಊರಿಗೇ ಮರಳಿದಳು. ಅದಕ್ಕೆ ಮೊದಲು ನನಗೊಂದು ಉದ್ದದ ಕಾಗದ ಬಂತು. ಹಡಗಿಗೆ ಹಾಕುವ ಮರದ ಪೆಟ್ಟಿಗೆಯ ಪಟ್ಟಿಯನ್ನು ಇಂಗ್ಲಿಷಿನಲ್ಲಿ ಬರೆಯಬೇಕು, ಹೆರೆಮಣೆಗೆ ಏನೆನ್ನುವುದು, ಶ್ಯಾವಿಗೆ ಒತ್ತುವ ಒರಳಿಗೆ ಏನೆನ್ನುವುದು, ನೀನು ಬಿ.ಎ., ಬಿ.ಎಡ್. ಓದಿದವಳಲ್ಲವೆ ಎಂದು. ಶೇಕ್ಸ್‌ಪಿಯರನ ನಾಟಕ ಓದಿದ್ದರಿಂದ ಹೆರೆಮಣೆಗೆ ಇಂಗ್ಲಿಷ್ ಶಬ್ದ ಸಿಗುವುದಿಲ್ಲ ಎಂದು ನನಗೆ ಅಂದೇ ಗೊತ್ತಾದದ್ದು. ಇಲ್ಲಿಂದಲೇ ಹೋಗಿದ್ದ ಆ ಹೆರೆಮಣೆ ಒಂಬತ್ತು ವರ್ಷ ಅಲ್ಲಿ ತೆಂಗಿನಕಾಯಿ ತುರಿದು, ಈಗ ತನ್ನ ಊರಿಗೆ ಬರಲು ಅರ್ಜಿ ಹಾಕಿಕೊಂಡಿತ್ತು!

ನಮ್ಮಲ್ಲಿ 1878ರ ಸಮುದ್ರ ಸುಂಕ ಕಾಯಿದೆಯ ಜಾಗಕ್ಕೆ 1962ರಲ್ಲಿ ಕಸ್ಟಮ್ಸ್ ಕಾಯಿದೆ ಬಂತು. ಅದರ 79ನೇ ಕಲಮು ಪ್ರಯಾಣಿಕರ ಸ್ವಂತ ಸಾಮಾನಿಗೆ ಸುಂಕ ಬಿಡುವ ಕಲಮು. ನಿಯಮದಲ್ಲಿ ಹೇಳಿದಷ್ಟು ಕಾಲ ವಸ್ತು ಬಳಕೆಯಲ್ಲಿತ್ತು ಎಂದು ಅಧಿಕಾರಿಗೆ ಮನದಟ್ಟಾದರೆ ಸುಂಕವಿಲ್ಲದೆ ಬಿಡಬಹುದು ಎನ್ನುತ್ತದೆ. ಮುಂದೆ 1998ರ ನಿಯಮದಲ್ಲಿ ಎರಡು ವರ್ಷವಾದರೂ ಹೊರಗಿದ್ದು ಮನೆಯನ್ನೇ ಎತ್ತಿಕೊಂಡು ಬರುವವರಿಗೆ ಹೆಚ್ಚಿನ ರಿಯಾಯಿತಿ ಬರೆದರು. ಟಿ.ವಿ., ದೊಡ್ಡ ಫ್ರಿಜ್ಜಿನಂಥವಕ್ಕೆ ಬೇರೆ ಪಟ್ಟಿ, ಬೇರೆ ದರ. ಅದೆಲ್ಲ ಸರಿ. ಆದರೆ ಮನದಟ್ಟು ಮಾಡುವುದು ಹೇಗೆ? ಸೌಟಿಗೆ, ಬಾಣಲೆಗೆ ಯಾರು ರಸೀದಿ ಇಟ್ಟಿರುತ್ತಾರೆ?

ಅದಕ್ಕೆ ಗಲ್ಫಿನ ನಮ್ಮ ಹೆಂಗಸರು ಒಂದು ಉಪಾಯ ಕಂಡುಕೊಂಡಿದ್ದರು. ಹೊರಡುವ ಮುನ್ನ ಕೊಂಡ ಹೊಸ ಪಾತ್ರೆಗೆ ಬೇಕೆಂದೇ ಮಸಿ ಹಿಡಿಸುವುದು, ಹೊಸ ಚಾದರವನ್ನು ನಾಲ್ಕು ಸಲ ಒಗೆಯುವುದು. ಅಕ್ಕ ಹೊಸ ಮಿಕ್ಸಿಯಲ್ಲಿ ಒಣಮೆಣಸು ಪುಡಿ ಮಾಡಿ ತೊಳೆಯದೆ ಹಾಗೆಯೇ ಕಟ್ಟಿದ್ದಳು. ಪೆಟ್ಟಿಗೆ ಬಿಚ್ಚಿಸಿದ ಅಧಿಕಾರಿ ಮುಚ್ಚಳ ತೆಗೆದು ಮೂಗು ಹತ್ತಿರ ತಂದವರು ಮೂರು ಸಲ ಸೀನಿ, ಮರುಮಾತಿಲ್ಲದೆ 'ಬಳಸಿದ್ದು' ಎಂದು ಬರೆದರಂತೆ. ಮಕ್ಕಳಿಗೆ ಸತ್ಯವನ್ನೇ ಹೇಳಿ ಎಂದು ಪಾಠ ಮಾಡುವ ನಾನೂ ಆ ಕಥೆ ಕೇಳಿ ನಕ್ಕವಳೇ.

ನಗು ಬಾರದ ಭಾಗ ಬೇರೆ ಇದೆ. ಅದು ಹಡಗಿನ ಪೆಟ್ಟಿಗೆಯದಲ್ಲ, ಅಕ್ಕನ ಕೈಯದು.

ಅಕ್ಕ ಹೊರಟಾಗ ಅಮ್ಮ ತನ್ನ ನಾಲ್ಕು ಬಳೆಗಳನ್ನು ಅವಳ ಕೈಗೆ ಹಾಕಿದ್ದಳು. "ಎರಡು ನಿನಗೆ, ಎರಡು ತಂಗಿಯ ಮದುವೆಗೆ. ಅಲ್ಲಿಯವರೆಗೆ ನಿನ್ನ ಹತ್ತಿರ ಇರಲಿ" ಎಂದು. ಮಸ್ಕತ್‌ನಲ್ಲಿ ಒಂದು ಬಳೆ ಬಿರುಕು ಬಿಟ್ಟಿತು. ಮತ್ರಾ ಪೇಟೆಯಲ್ಲಿ ಅಕ್ಕ ನಾಲ್ಕನ್ನೂ ಕರಗಿಸಿ ಹೊಸ ನಮೂನೆಯಲ್ಲಿ ಮಾಡಿಸಿದಳು. ಒಡವೆ ಹೊರಗೆ ಒಯ್ಯುವಾಗ ಕಸ್ಟಮ್ಸ್‌ನವರಿಗೆ ತೋರಿಸಿ ಒಂದು ಪ್ರಮಾಣಪತ್ರ ಮಾಡಿಸಿಕೊಂಡಿದ್ದರೆ ಮರಳುವಾಗ ಅದು ನಮ್ಮದೇ ಎನ್ನಲು ಆಧಾರ. 1985ರಲ್ಲಿ ಅದು ಅಕ್ಕನಿಗೂ ಗೊತ್ತಿಲ್ಲ, ಭಾವನಿಗೂ ಗೊತ್ತಿಲ್ಲ. ಅಮ್ಮನಿಗಂತೂ ಕಸ್ಟಮ್ಸ್ ಎಂಬ ಶಬ್ದವೇ ಗೊತ್ತಿರಲಿಲ್ಲ.

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎನ್ನುತ್ತೇವಲ್ಲ, ಅಕ್ಕ ಹೇಳಿಕೊಂಡಳು. ಅಮ್ಮನ ಬಳೆ, ಅಮ್ಮನ ಚಿನ್ನ ಎಂದಳು. ಎದುರಿಗಿದ್ದವರು ಕೆಟ್ಟವರೇನಲ್ಲ. ಆದರೆ ಕಣ್ಣಿಗೆ ಕಾಣುತ್ತಿದ್ದುದು ಪರದೇಶದ ಕೆಲಸದ ಹೊಸ ಬಳೆ, ಮತ್ತು ವಿನಾಯಿತಿ ಮೀರಿದ ತೂಕ. ವಿದೇಶದಲ್ಲಿ ಆರು ತಿಂಗಳಿದ್ದವರು ಸುಂಕ ಕಟ್ಟಿ 5 ಕಿಲೋವರೆಗೆ ಚಿನ್ನ ತರಬಹುದೆಂದು 1992ರಲ್ಲಿ ಸರ್ಕಾರ ಬಾಗಿಲು ತೆರೆದಿತ್ತು. ಸುಂಕವನ್ನು ಮಾತ್ರ ವಿದೇಶಿ ಹಣದಲ್ಲೇ ಕಟ್ಟಬೇಕು. ಹೀಗೆ ನಮ್ಮ ಅಮ್ಮನ ಚಿನ್ನಕ್ಕೆ ಭಾವ ಜೇಬಿನಲ್ಲಿ ಉಳಿದಿದ್ದ ರಿಯಾಲು ಎಣಿಸಿ ಕೊಟ್ಟು ಬಿಡಿಸಿಕೊಂಡರು. "ಎಂತ ಮಾಡುವುದು ಮಾರಾಯ್ತಿ, ಅಮ್ಮನಿಗೆ ಹೇಳಬೇಡ" ಎಂದು ಅಕ್ಕ ಎರಡು ಬಳೆಯನ್ನೂ ರಸೀದಿಯನ್ನೂ ಒಟ್ಟಿಗೆ ನನ್ನ ಕೈಗಿಟ್ಟಳು. ಅಮ್ಮ ಕೊನೆಯವರೆಗೂ ಕೇಳಲಿಲ್ಲ. ಬಳೆಯ ನಮೂನೆ ಬದಲಾದದ್ದನ್ನು ಮಾತ್ರ ನೋಡಿ, "ಹಳೇದೇ ಚೆಂದ ಇತ್ತು" ಎಂದಳು.

ಸುಂಕ ಎಂಬುದು ಸಂಸ್ಕೃತದ ಶುಲ್ಕದ ತದ್ಭವ. ನಮ್ಮ ಶಾಸನಗಳಲ್ಲಿ ಹೆಜ್ಜುಂಕ, ಬಿಲ್ಕೊಡೆ ಎಂದು ತರತರದ ಸುಂಕಗಳ ಹೆಸರು ಬರುತ್ತವೆ. ಅದಕ್ಕೂ ಹಿಂದಿನದು ಕೌಟಿಲ್ಯನ ಅರ್ಥಶಾಸ್ತ್ರ. ಅದರ ತಾಳೆಗರಿಯನ್ನು 1905ರಲ್ಲಿ ಗುರುತಿಸಿದವರು ನಮ್ಮ ಮೈಸೂರಿನ ಓರಿಯೆಂಟಲ್ ಲೈಬ್ರರಿಯ ಆರ್. ಶಾಮಶಾಸ್ತ್ರಿಗಳು. 1909ರಲ್ಲಿ ಅಚ್ಚು ಹಾಕಿಸಿದರು. ಅದರಲ್ಲಿ ಸುಂಕದ ಕಟ್ಟೆಯ ವರ್ಣನೆ ಇದೆ. ಊರಬಾಗಿಲ ಹತ್ತಿರ ಧ್ವಜ ನೆಟ್ಟ ಶಾಲೆ, ನಾಲ್ಕೈದು ಮಂದಿ ಅಧಿಕಾರಿಗಳು. ಬಂದ ವರ್ತಕರು ಯಾರು, ಎಲ್ಲಿಯವರು, ಸರಕೆಷ್ಟು, ಮುದ್ರೆ ಬಿದ್ದದ್ದೆಲ್ಲಿ ಎಂದು ಬರೆದುಕೊಳ್ಳುತ್ತಾರೆ. ಒಳಗೆ ಬರುವ ಸರಕಿಗೆ ಬೆಲೆಯ ಐದನೇ ಒಂದು ಪಾಲು ಸುಂಕ. ಹೂವು, ಹಣ್ಣು, ತರಕಾರಿಗೆ ಆರನೇ ಒಂದು.

ಆ ಕಟ್ಟುನಿಟ್ಟಿನ ನಡುವೆ ಒಂದು ಸೂತ್ರ ಓದಿ ನಾನು ಪುಸ್ತಕ ಮುಚ್ಚಿಟ್ಟು ಸುಮ್ಮನೆ ಕುಳಿತಿದ್ದೆ. ಮದುವೆಯ ಸಾಮಾನು, ಮದುಮಗಳು ತವರಿನಿಂದ ಗಂಡನ ಮನೆಗೆ ಒಯ್ಯುವ ವಸ್ತು, ಉಡುಗೊರೆ, ಯಜ್ಞಕ್ಕೆ ಬೇಕಾದದ್ದು, ಬಾಣಂತನದ ಸಾಮಾನು, ಚೌಲ ಉಪನಯನದ್ದು, ಇವು ಸುಂಕವಿಲ್ಲದೆ ಹೋಗಲಿ ಎನ್ನುತ್ತಾನೆ. ಸುಳ್ಳು ಹೇಳಿ ದಾಟಿಸಿದವರಿಗೆ ಕಳ್ಳತನದ ದಂಡ. (ಮಿಕ್ಸಿಗೆ ಮೆಣಸು ಹಾಕಿದವರ ಗತಿ ಏನಿತ್ತೋ!)

ಈ ಕಾಲದ ಕಾನೂನೂ ಹೆಂಗಸಿನ ಕೈಯನ್ನು ನೋಡಿಲ್ಲವೆಂದಲ್ಲ. ವರ್ಷಕ್ಕೂ ಹೆಚ್ಚು ಹೊರಗಿದ್ದು ಬರುವ ಗಂಡಸಿಗೆ 10,000 ರೂಪಾಯಿಯ ಒಡವೆ, ಹೆಂಗಸಿಗೆ 20,000ದ್ದು ಎಂದು 1998ರ ನಿಯಮದಲ್ಲಿತ್ತು. 2016ರಲ್ಲಿ ಹೆಂಗಸಿಗೆ 40 ಗ್ರಾಂ, ಆದರೆ ಬೆಲೆ 1 ಲಕ್ಷ ಮೀರಬಾರದು ಎಂದು ಬರೆದರು. ಬರೆದ ವರ್ಷವೇ 40 ಗ್ರಾಂ ಚಿನ್ನ ಲಕ್ಷದೊಳಗೆ ಸಿಗುತ್ತಿರಲಿಲ್ಲ. ಲೆಕ್ಕ ಮಾಡಿದವರ ಮನೆಯಲ್ಲಿ ಹೆಣ್ಣುಮಕ್ಕಳು ಇರಲಿಲ್ಲವೋ ಏನೋ.

ಇನ್ನು ಮಗಳ ಪಟ್ಟಿಗೆ ಬರುತ್ತೇನೆ. ಕೆನಡಾದ ನಿಯಮ ಓದುತ್ತಿದ್ದವಳು, "ನೋಡಮ್ಮ, ಮದುವೆಯ ಉಡುಗೊರೆ ಆದ್ರೆ ಬಳಸಿರಬೇಕು ಅಂತಿಲ್ಲ. ಮದುವೆ ಹಿಂದೆಮುಂದೆ ಮೂರು ತಿಂಗಳೊಳಗೆ ಇರಬೇಕು, ಅಷ್ಟೇ. ಮದುಮಗಳ ಮನೆಸಾಮಾನಿಗೂ ಹಾಗೇ" ಎಂದಳು. ಕೌಟಿಲ್ಯನ ಸೂತ್ರ ಅಷ್ಟು ದೂರದ ಮಂಜಿನ ದೇಶದಲ್ಲಿ ಕಾಣಿಸಿಕೊಂಡಿತಲ್ಲ ಎಂದು ನನಗೆ ಖುಷಿ. ನಮ್ಮವಳಿಗೋ ಮದುವೆಯ ಮಾತೆತ್ತಿದರೆ ಸಿಟ್ಟು. ಆದ್ದರಿಂದ ಬಳಸಿದ್ದೇ ಆಗಬೇಕು.

ನನ್ನ ಕೈಯ ಎರಡು ಬಳೆ ತೆಗೆದು ಅವಳಿಗೆ ಹಾಕಿದೆ. ಮೂವತ್ತು ವರ್ಷದಲ್ಲಿ ಮಸ್ಕತ್ತಿನ ಗೀರು ನಮೂನೆಯೆಲ್ಲ ಸವೆದು ನುಣ್ಣಗಾಗಿವೆ. ಚಿನಿವಾರರ ಹತ್ತಿರ ತೂಗಿಸಿ ಬೆಲೆಚೀಟಿ ಬರೆಸಿದೆವು, ಫೋಟೋ ತೆಗೆದೆವು. ಇಲ್ಲಿಂದ ಹೊರಡುವಾಗಿನ ಪ್ರಮಾಣಪತ್ರ ಮರೆಯಬೇಡ ಎಂದು ಮೂರು ಸಲ ಹೇಳಿದೆ. ಹೊರಡಲು ಇನ್ನೂ ಎರಡು ತಿಂಗಳಿತ್ತು. ಅಷ್ಟು ದಿನವೂ ಅವಳು ಆ ಬಳೆ ಹಾಕಿಕೊಂಡೇ ಪಾತ್ರೆ ತೊಳೆದಳು.