ಒಂದೇ ಸ್ಟಾಫ್ ರೂಮು, ಎರಡು ಪಿಂಚಣಿ

ಈ ಐವತ್ತು ವರ್ಷಗಳಲ್ಲಿ ನಮ್ಮ ಶಾಲೆಯಲ್ಲಿ ಪಾಠ ಹೇಳಿದ ಗುರುಗಳೆಲ್ಲ ಒಂದೇ ಬಗೆಯ ಹಾಜರಿ ಪುಸ್ತಕಕ್ಕೆ ಸಹಿ ಹಾಕಿದವರು. ಅದೇ ಪಠ್ಯ, ಅದೇ ವೇಳಾಪಟ್ಟಿ, ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಅದೇ ಎದೆಬಡಿತ. ಆದರೆ ನಿವೃತ್ತಿಯ ಮಾತು ಬಂದಾಗ ಅವರು ಎರಡು ಗುಂಪಾಗುತ್ತಾರೆ. ನಡುವೆ ಇರುವುದು ಒಂದು ತಾರೀಖು: 1-4-2006. ಅದಕ್ಕಿಂತ ಮುಂಚೆ ಸೇವೆಗೆ ಸೇರಿದವರಿಗೆ ಹಳೆ ಪಿಂಚಣಿ, ಅಂದಿನಿಂದ ಸೇರಿದವರಿಗೆ ಎನ್‌ಪಿಎಸ್.

ನಾನು ಓದಿದ್ದು ಬಿ.ಇ., ಮಾಡುವುದು ಸಾಫ್ಟ್‌ವೇರ್ ಕೆಲಸ. ಪಿಂಚಣಿ ನನ್ನ ಕ್ಷೇತ್ರವೇನಲ್ಲ. ಆದರೆ ಊರಿಗೆ ಬಂದಾಗಲೆಲ್ಲ ಕಲಿಸಿದ ಗುರುಗಳ ಬಾಯಲ್ಲಿ ಈ ಎರಡು ಹೆಸರು ಕೇಳಿ ಕೇಳಿ, ಇದರ ಇತಿಹಾಸ ತಿಳಿಯಬೇಕೆನಿಸಿತು. ಸಂಚಿಕೆಗೆ ಲೇಖನ ಕೇಳಿದಾಗ ಇದನ್ನೇ ಬರೆಯೋಣವೆಂದುಕೊಂಡೆ.

ಸರ್ಕಾರಿ ನೌಕರರಲ್ಲಿ ಬೇರೆ ಬೇರೆ ಸಾಲುಗಳಿರುವುದು ನಮ್ಮ ರಾಜ್ಯಕ್ಕೆ ಹೊಸದಲ್ಲ. 1956ರಲ್ಲಿ ಕನ್ನಡ ನಾಡು ಒಂದಾದಾಗ ಧಾರವಾಡದ ಮಾಸ್ತರರು ಮುಂಬಯಿ ಪ್ರಾಂತದ ನಿಯಮ ಹಿಡಿದುಕೊಂಡು ಬಂದರು, ಕಲಬುರ್ಗಿಯವರು ಹೈದರಾಬಾದಿನದು, ಮಂಗಳೂರಿನವರು ಮದರಾಸಿನದು, ಮಡಿಕೇರಿಯವರು ಕೊಡಗಿನದು. ಮೈಸೂರಿನವರಿಗೆ ತಮ್ಮದೇ ಇತ್ತು. ಹೀಗೆ ಬಂದವರ ಸೇವಾ ಷರತ್ತುಗಳನ್ನು ಕೇಂದ್ರದ ಒಪ್ಪಿಗೆಯಿಲ್ಲದೆ ಅವರಿಗೆ ನಷ್ಟವಾಗುವಂತೆ ಬದಲಿಸಬಾರದೆಂದು ರಾಜ್ಯ ಪುನರ್ವಿಂಗಡಣಾ ಕಾಯ್ದೆಯ 115ನೇ ಕಲಮಿನಲ್ಲೇ ಬರೆದಿಟ್ಟರು. 1-3-1958ರಿಂದ ಮೈಸೂರು ಸೇವಾ ನಿಯಮಾವಳಿ ಜಾರಿಗೆ ಬಂತು. ಇಂದು ಕೆ.ಸಿ.ಎಸ್.ಆರ್. ಎಂದು ಗುಮಾಸ್ತರ ಮೇಜಿನ ಮೇಲಿರುವ ದಪ್ಪ ಪುಸ್ತಕ ಅದೇ. ನಮ್ಮ ಶಾಲೆಯ ಮೊದಲ ತಲೆಮಾರಿನ ಶಿಕ್ಷಕರೆಲ್ಲ ಅದರ ನೆರಳಿನಲ್ಲೇ ನಿವೃತ್ತರಾದರು.

ಹಳೆಯ ಪದ್ಧತಿಯ ಲೆಕ್ಕ ಸರಳ. ಪೂರ್ಣ ಸೇವೆ ಸಲ್ಲಿಸಿದವರಿಗೆ ಕೊನೆಯ ಮೂಲ ವೇತನದ ಅರ್ಧ ಪಿಂಚಣಿ. ಅದರ ಮೇಲೆ ಕಾಲಕಾಲಕ್ಕೆ ಏರುವ ತುಟ್ಟಿ ಭತ್ಯೆ. ವೇತನ ಆಯೋಗ ಬಂದಾಗ ಪಿಂಚಣಿಯೂ ಪರಿಷ್ಕರಣೆ. ಪಿಂಚಣಿದಾರರು ತೀರಿಕೊಂಡರೆ ಮನೆಯವರಿಗೆ ಕುಟುಂಬ ಪಿಂಚಣಿ. ಪಿಂಚಣಿಯ ಮೂರನೇ ಒಂದು ಭಾಗದವರೆಗೆ ಕಮ್ಯುಟೇಷನ್ ಮಾಡಿ ಮುಂಗಡ ಪಡೆಯಬಹುದು. ಕಡಿತವಾದ ಆ ಭಾಗ 15 ವರ್ಷದ ನಂತರ ಮರಳುತ್ತದೆ. ಪಿಂಚಣಿಗೆಂದು ನೌಕರರ ಸಂಬಳದಿಂದ ಏನೂ ಮುರಿಯುವುದಿಲ್ಲ. ಅವರು ಕಟ್ಟುವ ಜಿ.ಪಿ.ಎಫ್. ಬೇರೆ, ಅದು ಬಡ್ಡಿ ಸಮೇತ ವಾಪಸು ಬರುವ ಉಳಿತಾಯ.

ಒಂದು ತಾರೀಖಿನ ಮೇಲೆ ಪಿಂಚಣಿದಾರರನ್ನು ಒಡೆಯಬಹುದೇ ಎಂಬ ಪ್ರಶ್ನೆ ಎನ್‌ಪಿಎಸ್‌ಗಿಂತ ಬಹಳ ಮೊದಲೇ ಸುಪ್ರೀಂ ಕೋರ್ಟಿಗೆ ಹೋಗಿತ್ತು. 1979ರಲ್ಲಿ ಕೇಂದ್ರ ಸರ್ಕಾರ ಪಿಂಚಣಿ ಲೆಕ್ಕವನ್ನು ಉದಾರಗೊಳಿಸಿತು, ಆದರೆ 31-3-1979ರಂದು ಅಥವಾ ಆಮೇಲೆ ನಿವೃತ್ತರಾದವರಿಗೆ ಮಾತ್ರ. ಅದಕ್ಕೂ ಮೊದಲೇ ನಿವೃತ್ತರಾಗಿದ್ದ ಡಿ.ಎಸ್. ನಕಾರಾ ಕೋರ್ಟಿನ ಮೆಟ್ಟಿಲು ಹತ್ತಿದರು. 17-12-1982ರಂದು ಸಂವಿಧಾನ ಪೀಠ ಆ ವಿಂಗಡಣೆಯನ್ನು ತಳ್ಳಿಹಾಕಿತು. ಪಿಂಚಣಿ ಸರ್ಕಾರ ಇಷ್ಟಬಂದರೆ ಕೊಡುವ ಇನಾಮಲ್ಲ, ಸಲ್ಲಿಸಿದ ಸೇವೆಗೆ ಸಲ್ಲಬೇಕಾದ ಹಕ್ಕು ಎಂಬುದು ತೀರ್ಪಿನ ತಿರುಳು. ಡಿಸೆಂಬರ್ 17ನ್ನು ಪಿಂಚಣಿದಾರರ ದಿನವಾಗಿ ಆಚರಿಸುವುದು ಈ ಕಾರಣಕ್ಕೇ. ಆದರೆ ಈ ತೀರ್ಪು ಹೊಸ ನೇಮಕಾತಿಯವರ ನೆರವಿಗೆ ನೇರವಾಗಿ ಬರುವುದಿಲ್ಲ. ನಕಾರಾ ಮತ್ತು ಅವರ ಎದುರಿನ ಗುಂಪು, ಇಬ್ಬರೂ ಒಂದೇ ಪಿಂಚಣಿ ನಿಯಮದಡಿ ಸೇರಿದವರು. ಎನ್‌ಪಿಎಸ್‌ನವರು ಸೇರುವಾಗಲೇ ನಿಯಮ ಬೇರೆಯಾಗಿತ್ತು.

ನಿಯಮ ಬದಲಾಗಲು ಕಾರಣ ಹಣ. ಸರ್ಕಾರಗಳ ಪಿಂಚಣಿ ವೆಚ್ಚ ವರ್ಷದಿಂದ ವರ್ಷಕ್ಕೆ ಏರುತ್ತಿತ್ತು, ಜನರ ಆಯುಷ್ಯವೂ ಹೆಚ್ಚಿತ್ತು. ಏನು ಮಾಡಬಹುದೆಂದು ನೋಡಲು ಕೇಂದ್ರ ಒಂದು ಉನ್ನತ ಮಟ್ಟದ ತಜ್ಞರ ತಂಡ ರಚಿಸಿತು. ಅದರ ಅಧ್ಯಕ್ಷರು ನಮ್ಮ ರಾಜ್ಯದ ಮುಖ್ಯ ಕಾರ್ಯದರ್ಶಿಯಾಗಿದ್ದ ಬಿ.ಕೆ. ಭಟ್ಟಾಚಾರ್ಯ. 2002ರಲ್ಲಿ ಬಂದ ಅವರ ವರದಿ ನೌಕರರೂ ಸರ್ಕಾರವೂ ಸಮನಾಗಿ ವಂತಿಗೆ ಹಾಕಬೇಕು, ಜೊತೆಗೆ ಇಷ್ಟು ಪಿಂಚಣಿ ಎಂಬ ಖಾತರಿಯೂ ಇರಬೇಕು ಎಂಬ ಮಿಶ್ರ ದಾರಿ ಸೂಚಿಸಿತ್ತು. ಸರ್ಕಾರ ವಂತಿಗೆಯ ಅರ್ಧ ತೆಗೆದುಕೊಂಡು ಖಾತರಿಯ ಅರ್ಧ ಬಿಟ್ಟಿತು. 2003ರ ಬಜೆಟ್ಟಿನಲ್ಲಿ ಘೋಷಣೆ, 22-12-2003ರಂದು ಅಧಿಸೂಚನೆ, 1-1-2004ರಿಂದ ಕೇಂದ್ರದ ಹೊಸ ನೌಕರರಿಗೆ ಜಾರಿ. ಸೇನಾಪಡೆಗಳನ್ನು ಮಾತ್ರ ಹೊರಗಿಟ್ಟರು. ಕರ್ನಾಟಕ ಎರಡು ವರ್ಷ ತಡೆದು 1-4-2006ರಿಂದ ಒಳಗೆ ಬಂತು. ನನ್ನ ಮಟ್ಟಿಗೆ ಇಡೀ ಕಥೆಯ ತಿರುವು ಇರುವುದು ಆ ಬಿಟ್ಟುಹೋದ ಅರ್ಧದಲ್ಲಿ.

ಎನ್‌ಪಿಎಸ್‌ನಲ್ಲಿ ಮೂಲ ವೇತನ ಮತ್ತು ತುಟ್ಟಿ ಭತ್ಯೆಯ ಶೇ. 10 ಪ್ರತಿ ತಿಂಗಳೂ ಕಡಿತ. ಸರ್ಕಾರದ ಪಾಲು ಮೊದಲು ಅಷ್ಟೇ ಇತ್ತು. 2019ರಲ್ಲಿ ಕೇಂದ್ರ ಅದನ್ನು ಶೇ. 14ಕ್ಕೆ ಏರಿಸಿತು, ರಾಜ್ಯವೂ ಆಮೇಲೆ ಅದೇ ದಾರಿ ಹಿಡಿಯಿತು. ಪ್ರಾನ್ ಎಂಬ 12 ಅಂಕಿಯ ಸಂಖ್ಯೆಯಡಿ ಹಣ ಜಮೆಯಾಗಿ ಷೇರು, ಸಾಲಪತ್ರಗಳಲ್ಲಿ ಬೆಳೆಯುತ್ತದೆ. 60ನೇ ವಯಸ್ಸಿಗೆ ಶೇ. 60ರವರೆಗೆ ಕೈಗೆ ಬರುತ್ತದೆ, ಕನಿಷ್ಠ ಶೇ. 40ರಲ್ಲಿ ವಿಮಾ ಕಂಪನಿಯಿಂದ ವರ್ಷಾಶನ ಕೊಳ್ಳಬೇಕು. ಆ ವರ್ಷಾಶನವೇ ಪಿಂಚಣಿ.

ಲೆಕ್ಕ ಹಾಕಿ ನೋಡೋಣ. ಕೊನೆಯ ಮೂಲ ವೇತನ 80,000 ರೂಪಾಯಿ ಇದ್ದ ಹಳೆ ಪದ್ಧತಿಯ ಶಿಕ್ಷಕರಿಗೆ ಪೂರ್ಣ ಸೇವೆಗೆ 40,000 ರೂಪಾಯಿ ಪಿಂಚಣಿ, ಜೊತೆಗೆ ತುಟ್ಟಿ ಭತ್ಯೆ. ಎನ್‌ಪಿಎಸ್ ಶಿಕ್ಷಕರ ಖಾತೆಯಲ್ಲಿ 60 ಲಕ್ಷ ಸೇರಿದೆ ಎಂದುಕೊಳ್ಳಿ. 36 ಲಕ್ಷ ಕೈಗೆ, 24 ಲಕ್ಷ ವರ್ಷಾಶನಕ್ಕೆ. ವರ್ಷಾಶನದ ದರ ಶೇ. 6.5 ಇದ್ದರೆ ತಿಂಗಳಿಗೆ 13,000 ರೂಪಾಯಿ. ಸಾಮಾನ್ಯವಾಗಿ ಅದು ಸಾಯುವವರೆಗೂ 13,000ವೇ, ತುಟ್ಟಿ ಭತ್ಯೆಯಿಲ್ಲ. 36 ಲಕ್ಷವನ್ನು ಮನೆ, ಮದುವೆಗೆ ಖರ್ಚು ಮಾಡದೆ ಇಟ್ಟವರಿಗೆ ಅದರ ಬಡ್ಡಿಯೂ ಉಂಟು. ನಮ್ಮ ಕಡೆ ಹಾಗೆ ಇಡಲು ಬಿಡುವ ಮನೆಗಳು ಎಷ್ಟಿವೆಯೋ! ಇನ್ನು 40ರ ಆಸುಪಾಸಿನಲ್ಲಿ ಕೆಲಸ ಸಿಕ್ಕವರ ಪಾಡು ಬೇರೆ. ಖಾತೆಯಲ್ಲಿ 10 ಲಕ್ಷ ಇದ್ದರೆ ಅದೇ ದರದಲ್ಲಿ ತಿಂಗಳಿಗೆ ಎರಡು ಸಾವಿರ ಚಿಲ್ಲರೆ. ಹಳೆ ಪದ್ಧತಿಯಲ್ಲಿ 10 ವರ್ಷದ ಅರ್ಹ ಸೇವೆಯಾದರೆ ಸೇವೆಗೆ ತಕ್ಕ ಪಿಂಚಣಿ ಸಿಗುತ್ತಿತ್ತು.

ನನ್ನ ಜೊತೆ ಕೆಲಸ ಮಾಡುವ ಗೆಳೆಯರು, "ನಮಗೆಲ್ಲಿದೆ ಪಿಂಚಣಿ? ಅವರಿಗೇಕೆ?" ಎನ್ನುತ್ತಾರೆ. ಮಾತು ಅರ್ಧ ನಿಜ. ಖಾಸಗಿ ನೌಕರರ 1995ರ ಪಿಂಚಣಿ ಯೋಜನೆಯಲ್ಲಿ ಸಾಮಾನ್ಯವಾಗಿ 15,000 ರೂಪಾಯಿ ಸಂಬಳದ ಮಿತಿಯ ಮೇಲೆಯೇ ಲೆಕ್ಕ, 35 ವರ್ಷ ದುಡಿದರೂ ತಿಂಗಳಿಗೆ 7,500 ರೂಪಾಯಿ. ಆದರೆ ನಮ್ಮ ಸಂಬಳ ಬೇರೆ, ನಾವು ಕೆಲಸ ಬದಲಿಸುವ ಬಗೆ ಬೇರೆ. ಮೂವತ್ತು ವರ್ಷ ಹಳ್ಳಿಯ ಶಾಲೆಯಲ್ಲಿ ನಿಲ್ಲುವವರಿಗೆ ಮುಪ್ಪಿನ ಭರವಸೆಯೇ ಸಂಬಳದ ಒಂದು ಪಾಲಾಗಿತ್ತು. ಮಾರುಕಟ್ಟೆ ಬಿದ್ದರೆ, ಆಯುಷ್ಯ ಹೆಚ್ಚಿದರೆ, ಬೆಲೆ ಏರಿದರೆ ಆ ಹೊರೆ ಯಾರದು? ಹಳೆಯದರಲ್ಲಿ ಸರ್ಕಾರದ್ದು, ಹೊಸದರಲ್ಲಿ ಬಹುಪಾಲು ಮೇಷ್ಟ್ರದ್ದು. ಹಾಗೆಂದು ಖಜಾನೆಯ ಲೆಕ್ಕ ಸುಳ್ಳೆಂದು ನಾನು ಹೇಳಲಾರೆ. ಪಿಂಚಣಿಯ ದುಡ್ಡೂ ಹೊಸ ಶಿಕ್ಷಕರನ್ನು ನೇಮಿಸುವ ದುಡ್ಡೂ ಒಂದೇ ಗಂಟಿನಿಂದ ಬರಬೇಕು.

ಈ ಒತ್ತಡದಲ್ಲೇ ಗೆರೆ ಅಲ್ಲಲ್ಲಿ ಮಾಸಿದೆ. ರಾಜಸ್ಥಾನ, ಛತ್ತೀಸ್‌ಗಢ, ಹಿಮಾಚಲದಂಥ ರಾಜ್ಯಗಳು ಹಳೆಯದಕ್ಕೆ ಮರಳಿದವು. ನಮ್ಮಲ್ಲಿ 1-3-2023ರ ಮುಷ್ಕರದಲ್ಲಿ ಹಳೆ ಪಿಂಚಣಿಯೂ ಒಂದು ಬೇಡಿಕೆಯಾಗಿತ್ತು. 2024ರ ಜನವರಿಯಲ್ಲಿ ರಾಜ್ಯ ಸರ್ಕಾರ ಒಂದು ಮುಖ್ಯ ಆದೇಶ ಹೊರಡಿಸಿತು. ನೇಮಕಾತಿ ಅಧಿಸೂಚನೆ 1-4-2006ಕ್ಕೆ ಮೊದಲೇ ಆಗಿ, ಪ್ರಕ್ರಿಯೆ ತಡವಾಗಿ ಆಮೇಲೆ ಸೇರಿದ ಸುಮಾರು 13,000 ನೌಕರರು ಹಳೆ ಪಿಂಚಣಿ ಆರಿಸಿಕೊಳ್ಳಬಹುದಾಯಿತು. ಕಡತ ನಿಧಾನವಾದದ್ದಕ್ಕೆ ಅವರು ಅಷ್ಟು ವರ್ಷ ಬೇರೆ ಸಾಲಿನಲ್ಲಿ ನಿಂತಿದ್ದರು. ಅದೇ ವರ್ಷದ ಆಗಸ್ಟ್‌ನಲ್ಲಿ ಕೇಂದ್ರ ತನ್ನ ನೌಕರರಿಗೆ ಏಕೀಕೃತ ಪಿಂಚಣಿ ಯೋಜನೆ ಒಪ್ಪಿ 1-4-2025ರಿಂದ ಜಾರಿಗೆ ತಂದಿತು. 25 ವರ್ಷ ಸೇವೆಗೆ ಕೊನೆಯ 12 ತಿಂಗಳ ಸರಾಸರಿ ಮೂಲ ವೇತನದ ಅರ್ಧ, ಆದರೆ ವಂತಿಗೆ ಕಟ್ಟಬೇಕು. ಭಟ್ಟಾಚಾರ್ಯ ತಂಡ ಹೇಳಿದ್ದ ಮಿಶ್ರ ದಾರಿಯ ನೆನಪಾಗದೆ ಇರದು.

ಈ ಎರಡು ಸಾಲುಗಳ ಆಚೆಗೂ ನಮ್ಮ ಶಾಲೆಗಳಲ್ಲಿ ಜನರಿದ್ದಾರೆ. ಖಾಲಿ ಹುದ್ದೆಯಲ್ಲಿ ಪಾಠ ಮಾಡುವ ಅತಿಥಿ ಶಿಕ್ಷಕರಿಗೆ ಈ ಎರಡರಲ್ಲಿ ಯಾವ ಪಿಂಚಣಿಯೂ ಇಲ್ಲ. ಬಿಸಿಯೂಟ ಬೇಯಿಸುವ ಅಕ್ಕಂದಿರಿಗೆ ಸಿಗುವುದನ್ನು ಸಂಬಳವೆಂದೂ ಕರೆಯುವುದಿಲ್ಲ, ಅದು ಗೌರವ ಸಂಭಾವನೆ.

2006ರಲ್ಲಿ 24ರ ಹರೆಯದಲ್ಲಿ ಎನ್‌ಪಿಎಸ್‌ಗೆ ಸೇರಿದ ಶಿಕ್ಷಕರು 60 ತುಂಬಿ ಮನೆಗೆ ಹೋಗುವುದು 2042ರಲ್ಲಿ. ಪೂರ್ತಿ ಸೇವೆಗೆ ಈ ಪದ್ಧತಿ ಏನು ಕೊಡುತ್ತದೆ ಎಂಬುದನ್ನು ರಾಜ್ಯದಲ್ಲಿ ಯಾರೂ ಇನ್ನೂ ಕಂಡಿಲ್ಲ. 2006ರ ಮಾರ್ಚಿನಲ್ಲಿ, ಅದೇ ವಯಸ್ಸಿನಲ್ಲಿ ಸೇರಿದ ಹಳೆ ಪಿಂಚಣಿಯವರು ನಿವೃತ್ತರಾಗುವುದೂ ಅದೇ ವರ್ಷ. ಅಲ್ಲಿಯವರೆಗೆ ಇಬ್ಬರೂ ಒಂದೇ ಸ್ಟಾಫ್ ರೂಮಿನಲ್ಲಿ ಉತ್ತರ ಪತ್ರಿಕೆ ತಿದ್ದುತ್ತಿರುತ್ತಾರೆ.