ನಾಗವಲ್ಲಿ ಯಾವ ಭಾಷೆಯವಳು? - ಒಂದು ರೀಮೇಕ್ ಪುರಾಣ

"ಕನ್ನಡದವರಿಗೆ ರೀಮೇಕ್ ಬಿಟ್ರೆ ಬೇರೇನು ಗೊತ್ತು?" ಆಫೀಸಿನ ಕ್ಯಾಂಟೀನಿನಲ್ಲಿ ಸಿನಿಮಾ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಹೀಗೆ ಅಂದೇ ಅನ್ನುತ್ತಾರೆ. ಹಾಗನ್ನುವವರು ಹೆಚ್ಚಾಗಿ ಕನ್ನಡಿಗರೇ :) ಪೂರ್ತಿ ಸುಳ್ಳು ಅಂತ ವಾದಿಸುವುದೂ ಕಷ್ಟ. ಆದರೆ ಹಳೇ ಲೆಕ್ಕ ಸ್ವಲ್ಪ ಕೆದಕಿದರೆ ಕಥೆ ಬೇರೆಯೇ ಇದೆ.

ಪುಟ್ಟಣ್ಣ ಕಣಗಾಲರ 'ಗೆಜ್ಜೆ ಪೂಜೆ' (1969) ತೆಲುಗಿನಲ್ಲಿ 'ಕಲ್ಯಾಣ ಮಂಟಪಂ' (1971) ಆಯಿತು, ಹಿಂದಿಯಲ್ಲಿ 'ಆಹಿಸ್ತಾ ಆಹಿಸ್ತಾ' (1981) ಆಯಿತು. 1972ರ 'ನಾಗರಹಾವು' ಎರಡೇ ವರ್ಷದಲ್ಲಿ ತಮಿಳು, ತೆಲುಗು, ಹಿಂದಿ ಮೂರಕ್ಕೂ ಹೋಯಿತು. ಹಿಂದಿಯ 'ಜಹರೀಲಾ ಇನ್ಸಾನ್' ಅನ್ನು ರಿಷಿ ಕಪೂರ್ ಜೊತೆ ಸ್ವತಃ ಪುಟ್ಟಣ್ಣನವರೇ ಮಾಡಿದರು. ಅಣ್ಣಾವ್ರ 'ಅನುರಾಗ ಅರಳಿತು' (1986) ಚಿರಂಜೀವಿಗೆ 'ಘರಾನಾ ಮೊಗುಡು' (1992) ಆಯಿತು, ರಜನೀಕಾಂತ್‌ಗೆ 'ಮನ್ನನ್' (1992), ಅನಿಲ್ ಕಪೂರ್‌ಗೆ 'ಲಾಡ್ಲಾ' (1994).

ಅಂದರೆ ಆಗ ನಾವು ಕೊಡುವವರಾಗಿದ್ದೆವು. ಹೇಗೆ ಸಾಧ್ಯವಾಯಿತು? ಈ ಮೂರೂ ಚಿತ್ರಗಳ ಹಿಂದೆ ಕನ್ನಡ ಕಾದಂಬರಿಗಳಿವೆ: ಎಂ.ಕೆ. ಇಂದಿರಾ, ತರಾಸು, ಎಚ್.ಜಿ. ರಾಧಾದೇವಿ. ಹಾಗೆ ನೋಡಿದರೆ ಇವೂ 'ಒರಿಜಿನಲ್' ಅಲ್ಲ! ಪುಸ್ತಕದಿಂದ ತೆರೆಗೆ ಬಂದವು. ನಾಗರಹಾವನ್ನು ಕೇರೆಹಾವು ಮಾಡಿದ್ದಾರೆ ಅಂತ ತರಾಸು ಬೇಸರ ಪಟ್ಟುಕೊಂಡ ಮಾತು ಪ್ರಸಿದ್ಧವೇ. ಆದರೂ ಆ ಹಾವು ನಮ್ಮ ಚಿತ್ರದುರ್ಗದ್ದು.

ಈಗ ಒಂದು ತಮಾಷೆ ನೋಡಿ. 'ಅನುರಾಗ ಅರಳಿತು' ಕಥೆಯನ್ನು ತಮಿಳಿಗೆ ಕೊಂಡೊಯ್ದವರು ಪಿ. ವಾಸು. ಅದೇ ವಾಸು 2004ರಲ್ಲಿ ಮಲಯಾಳದ 'ಮಣಿಚಿತ್ರತ್ತಾಳ್' (1993) ಅನ್ನು ಕನ್ನಡಕ್ಕೆ 'ಆಪ್ತಮಿತ್ರ' ಅಂತ ತಂದರು. ಹನ್ನೆರಡು ವರ್ಷದಲ್ಲಿ ಗಾಡಿ ತಿರುಗಿತ್ತು. ಈಗ ನಾವು ತೆಗೆದುಕೊಳ್ಳುವವರು.

ಆದರೆ 'ಆಪ್ತಮಿತ್ರ' ಬರೀ ನಕಲೇ? ಮೂಲದ ನಾಗವಲ್ಲಿ ತಂಜಾವೂರಿನ ನರ್ತಕಿ. ಮಲಯಾಳಿ ತರವಾಡಿನೊಳಗೆ ತಮಿಳು ಮಾತಾಡುತ್ತಾಳೆ. ಕನ್ನಡದಲ್ಲಿ ಅವಳು ತೆಲುಗಿನವಳಾದಳು. ಮರುವರ್ಷ ವಾಸು ಅವರೇ ರಜನಿಗೆ 'ಚಂದ್ರಮುಖಿ' ಮಾಡಿದಾಗ ಆ ತೆಲುಗನ್ನೂ 'ರಾ ರಾ' ಹಾಡನ್ನೂ ನಮ್ಮ ಕಡೆಯಿಂದಲೇ ಒಯ್ದರು. ಹಿಂದಿಯ 'ಭೂಲ್ ಭುಲೈಯಾ' (2007) ಹೊತ್ತಿಗೆ ಅವಳು ಬಂಗಾಳಿ ಮಂಜುಲಿಕಾ. ಪ್ರತಿ ಊರಿಗೂ ತನ್ನ ದೆವ್ವ ಪಕ್ಕದೂರಿನ ಭಾಷೆಯಲ್ಲೇ ಮಾತಾಡಬೇಕು! ಎಲ್ಲಿ ಏನು ಬದಲಾಗಬೇಕು ಅಂತ ಗೊತ್ತಿದ್ದವನ ರೀಮೇಕಿಗೂ ಸ್ವಂತ ಜೀವ ಇರುತ್ತದೆ.

ತೊಂದರೆ ಆದದ್ದು ಏನೂ ಬದಲಿಸದೆ, ಶಾಟಿಗೆ ಶಾಟ್ ಇಳಿಸಿಕೊಂಡಾಗ. ಇದಕ್ಕೊಂದು ಅನುಕೂಲವೂ ಇತ್ತು. 1960ರ ದಶಕದಲ್ಲಿ ಅನಕೃ ಮುಂತಾದವರ ಚಳವಳಿಯಿಂದ ಕನ್ನಡಕ್ಕೆ ಡಬ್ಬಿಂಗ್ ನಿಂತುಹೋಗಿತ್ತು. ಆಗ ಅದು ನಮ್ಮ ಚಿತ್ರರಂಗವನ್ನು ಉಳಿಸಿತು ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಪಕ್ಕದ ಮನೆಯ ಕಥೆ ಕನ್ನಡದಲ್ಲಿ ಬೇಕೆಂದರೆ ರೀಮೇಕ್ ಒಂದೇ ದಾರಿ ಎಂದಾದಾಗ, ಕಾದಂಬರಿ ಓದುವ ಶ್ರಮಕ್ಕಿಂತ ಡಿವಿಡಿ ನೋಡುವುದು ಸುಲಭವಾಯಿತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವುದು ತಪ್ಪೆಂದು ಹೇಳಿತು. ಈಗ ಮೂಲ ಚಿತ್ರವೇ ಕನ್ನಡ ಮಾತಿನೊಂದಿಗೆ ಮೊಬೈಲಿಗೆ ಬರುವಾಗ ಶಾಟಿಗೆ ಶಾಟ್ ನಕಲು ಯಾರಿಗೆ ಬೇಕು?

ಹಾಗಂತ ಕೊಡುವ ಕೈ ಪೂರ್ತಿ ಬತ್ತಿಲ್ಲ. ಪವನ್ ಕುಮಾರ್ ಅವರ 'ಯು-ಟರ್ನ್' (2016) ಹುಟ್ಟಿದ್ದು ಬೆಂಗಳೂರಿನ ಡಬಲ್ ರೋಡ್ ಫ್ಲೈಓವರಿನಲ್ಲಿ, ಅಡ್ಡ ಇಟ್ಟ ಕಲ್ಲು ಸರಿಸಿ ಗಾಡಿ ತಿರುಗಿಸುವ ನಮ್ಮದೇ ಚಾಳಿಯಿಂದ. ಅದು ಮಲಯಾಳ, ತಮಿಳು, ತೆಲುಗು, ಹಿಂದಿಗಷ್ಟೇ ಅಲ್ಲ, ಫಿಲಿಪೀನ್ಸ್‌ಗೂ ಹೋಯಿತು.

ಅಂದು ಕಾದಂಬರಿ, ಇಂದು ಫ್ಲೈಓವರು. ನಮ್ಮ ಸುತ್ತಲಿನದನ್ನು ಓದಿದಾಗ ಬೇರೆಯವರು ನಮ್ಮನ್ನು ಓದಿದ್ದಾರೆ. ಕಪಾಟಿನಲ್ಲಿ ಇನ್ನೂ ತೆರೆಗೆ ಬಾರದ ಕನ್ನಡ ಕಾದಂಬರಿಗಳು ಎಷ್ಟಿಲ್ಲ? ನಿಮಗೆ ಯಾವುದು ಸಿನಿಮಾ ಆಗಬೇಕು ಅನ್ನಿಸುತ್ತೆ?